ಟೈಪಿಂಗ್ ಟೀಚರಮ್ಮನ ಲಗ್ನದ ಫೈಲುಗಳು

ಕೊಪ್ಪಳದಲ್ಲಿ ಎಪ್ಪತ್ತರ ದಶಕದಲ್ಲಿ ಟೈಪಿಂಗ್ ಕಲಿತವರೆಲ್ಲ ಸೈದಾನಬಿಯಿಂದ ಬೈಸಿಕೊಂಡವರೇ. ಬಜಾರದ ಹಿಂದಿನ ಓಣಿಯಲ್ಲಿ, ತನ್ನ ಮನೆಯ ಪಡಸಾಲೆಯಲ್ಲೇ ಆಕೆ ಟೈಪಿಂಗ್ ಕ್ಲಾಸು ನಡೆಸುತ್ತಿದ್ದಳು. ಹುಡುಗಿಯರು ಟೈಪಿಂಗಿನ ಮೊದಲ ಹಂತದ ಲೋವರ್ ಪರೀಕ್ಷೆ ಪಾಸಾಗುವ ಹೊತ್ತಿಗೆ ಅವರ ಮನೆಗಳಲ್ಲಿ ಗಂಡು ಹುಡುಕುವ ಗಡಿಬಿಡಿ ಶುರುವಾಗಿರುತ್ತಿತ್ತು. ಫೀಸು ಕೊಡಲು ಬಂದ ತಾಯಂದಿರು ಹೊಸ್ತಿಲಲ್ಲೇ ನಿಂತು ದನಿ ತಗ್ಗಿಸುತ್ತಿದ್ದರು: "ಟೀಚರಮ್ಮಾ, ನಿಮ್ಮ ಗುರ್ತಿನಾಗ ಯಾರರ ಛಲೋ ಹುಡುಗ ಅದಾನೇನ್ರಿ?"

ಸೈದಾನಬಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಯಾವ ಜಾತಿಯವರೇ ಬರಲಿ, ಅವರವರ ಪೈಕಿ ಯಾರಿದ್ದಾರೆ ಎಂಬುದು ಆಕೆಯ ನಾಲಿಗೆಯ ತುದಿಯಲ್ಲಿರುತ್ತಿತ್ತು. ಹೀಗೆ ನೋಡನೋಡುತ್ತ ಆಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲೂಕಿನ ಲಗ್ನಗಳಿಗೆ ಕೊಂಡಿಯಾದಳು. ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಆದರೆ ಲಗ್ನದ ಊಟಕ್ಕೆ ಕರೆಯದಿದ್ದರೆ ಮಾತ್ರ ವರ್ಷಗಟ್ಟಲೆ ಮಾತು ಬಿಡುತ್ತಿದ್ದಳು.

ಎಂಬತ್ತೇಳರಲ್ಲಿ ಮುನಿರಾಬಾದಿನಲ್ಲಿ ಯಾರೋ ಗುತ್ತಿಗೆದಾರರು ಆಫೀಸು ಮುಚ್ಚಿ ಸಾಮಾನು ಮಾರುತ್ತಿದ್ದಾರೆಂದು ಸುದ್ದಿ ಬಂತು. ಹಳೆಯ ಟೈಪ್‌ರೈಟರ್ ಸಿಕ್ಕೀತೆಂದು ಹೋದ ಸೈದಾನಬಿ ಸಂಜೆಗೆ ಟಾಂಗಾದಲ್ಲಿ ಒಂದು ಕಂಪ್ಯೂಟರು ಇಳಿಸಿದಳು. ಆಕೆಯ ಗಂಡ ರಾಜಾಸಾಬ ಸೈಕಲ್ ಅಂಗಡಿಯವನು, ಕಡಿಮೆ ಮಾತಿನ ಮನುಷ್ಯ. ಅವತ್ತು ಅವನೂ ಬಾಯಿ ಬಿಟ್ಟ. "ನಿನ್ನನ್ನ ಬಳೆ ತರಾಕ ಕಳಿಸಿದ್ರ ಆನಿ ತರ್ತೀ ನೋಡು."

"ಇದಕ್ಕ ಮೇವು ಬೇಕಾಗಿಲ್ಲ ಸುಮ್ನಿರ್ರಿ," ಎಂದಳು ಸೈದಾನಬಿ. ಮರುದಿನವೇ ಟೀವಿಗೆ ಹೊಲಿಸಿದ್ದ ಕಸೂತಿಯ ಮುಸುಕು ಕಂಪ್ಯೂಟರಿನ ಪಾಲಾಯಿತು.

ವಧು-ವರರ ವಿವರವೆಲ್ಲ ಅದರೊಳಗೆ ಹೋಯಿತು. ಒಬ್ಬೊಬ್ಬರಿಗೆ ಒಂದೊಂದು ಫೈಲು. ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡುವುದು. ಊರು, ಮನೆತನ, ವಯಸ್ಸು, ಎತ್ತರ, ಹೊಲ, ನೌಕರಿ, ಕೊನೆಗೆ ಸ್ವಭಾವ. ಫೈಲುಗಳನ್ನು ನೋಡಲು ಒಂದು ಪ್ರೋಗ್ರಾಮಿತ್ತು. ಅದನ್ನು ತೆರೆದರೆ ನೀಲಿ ಪರದೆಯ ಮೇಲೆ ಹೆಸರುಗಳು ಸಾಲಾಗಿ ನಿಲ್ಲುತ್ತಿದ್ದವು. ಮೊದಮೊದಲು ಗುಂಡಿ ಒತ್ತಿದ ಕೂಡಲೇ ಹೆಸರುಗಳು ಬರುತ್ತಿದ್ದವು. ಬಂದವರು ಹೌಹಾರಿ, "ಎಲ್ಲಾರೂ ಇದರಾಗ ಅದಾರೇನ್ರಿ!" ಎಂದು ಪರದೆಗೆ ಕೈಮುಗಿಯುವುದೊಂದು ಬಾಕಿ.

ಎರಡು ವರ್ಷ ಕಳೆಯುವಷ್ಟರಲ್ಲಿ ಅದಕ್ಕೆ ಏನೋ ಆಯಿತು. ಗುಂಡಿ ಒತ್ತಿದರೆ ನೀಲಿ ಪರದೆ ಬರುವುದು, ಒಳಗೆ ಕರಕರ ಸದ್ದಾಗುವುದು, ಹೆಸರುಗಳು ಮಾತ್ರ ಬರುತ್ತಿರಲಿಲ್ಲ. ಬಂದವರಿಗೆ ಚಹಾ ಕೊಟ್ಟು, ಮಂಡಕ್ಕಿ ಕೊಟ್ಟು, ಮಳೆ-ಬೆಳೆ ವಿಚಾರಿಸಿದ ಮೇಲೆ ಮೊದಲ ಹೆಸರು ನಾಚುತ್ತ ಇಣುಕುತ್ತಿತ್ತು.

ಬಿಸಿಲಿಗೆ ಹೀಗಾಗಿದೆ ಎಂದುಕೊಂಡು ಸೈದಾನಬಿ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದಳು. ಕಂಪ್ಯೂಟರು ಹಾಗೆಯೇ ಇತ್ತು, ಆಕೆಗೆ ನೆಗಡಿಯಾಯಿತು. ಕರೆಂಟಿನ ಕಾಟವಿರಬೇಕೆಂದು ಸ್ಟೆಬಿಲೈಸರ್ ತರಿಸಿದಳು. ಅದು ರಾತ್ರಿ ಹಗಲು ಗುಂಯ್‌ಗುಟ್ಟಿತೇ ಹೊರತು ಫೈಲುಗಳಿಗೆ ಕಾಲು ಬರಲಿಲ್ಲ. ರಾಜಾಸಾಬ ಸೈಕಲ್ ಎಣ್ಣೆಯ ಡಬ್ಬಿ ಹಿಡಿದು ಬಂದ. "ಸದ್ದು ಕೇಳು, ಚೈನು ಒಣಗೇತಿ. ಎರಡ ಹನಿ ಬಿಡ್ಲೇನು?" ಆಕೆ ಕಂಪ್ಯೂಟರಿಗೆ ಅಡ್ಡ ನಿಂತು ಅವನನ್ನು ಹೊರಗಟ್ಟಿದಳು.

ಕೊನೆಗೆ ಹೊಸಪೇಟೆಯಿಂದ ಯಂಕೋಬ ಎಂಬ ಕಂಪ್ಯೂಟರ್ ರಿಪೇರಿಯವನನ್ನು ಕರೆಸಬೇಕಾಯಿತು. ಅವನು ರೈಲಿಳಿದು ಬಂದಾಗ ಪಡಸಾಲೆಯಲ್ಲಿ ಬೇವೂರಿನ ಪಕೀರಪ್ಪ ಆಗಲೇ ಕೂತಿದ್ದರು. ಅಂಗನವಾಡಿ ಟೀಚರಾಗಿದ್ದ ಮಗಳು ದುರುಗವ್ವನಿಗೆ ಗಂಡು ನೋಡಲು ಬಂದು, ಎರಡನೆಯ ಚಹಾ ಕುಡಿಯುತ್ತಿದ್ದರು.

ಯಂಕೋಬ ಮುಚ್ಚಳ ಬಿಚ್ಚಿದ, ಬ್ರಷ್ ಆಡಿಸಿ ಧೂಳು ತೆಗೆದ, ವೈರು ಅದುಮಿದ, ಮತ್ತೆ ಶುರು ಮಾಡಿದ. ನೀಲಿ ಪರದೆ ಬಂತು. ಕರಕರ. ಹೆಸರಿಲ್ಲ.

"ಮಷೀನಿಗೆ ಏನೂ ಆಗಿಲ್ರಿ," ಎಂದ. "ಇದರಾಗ ಎಷ್ಟು ಮಂದಿನ್ನ ತುಂಬೀರಿ?"

"ಬಂದವರನ್ನೆಲ್ಲಾ."

"ಲಗ್ನ ಆದವರನ್ನ?"

"ಅವರೂ ಅದಾರ."

ಹೆಸರುಗಳು ಬಂದ ಮೇಲೆ ನೋಡುತ್ತಾನೆ, ಮುಗಿಯುವ ಲಕ್ಷಣವೇ ಇಲ್ಲ. ಎಲ್ಲರೂ ಒಂದೇ ಕಡೆ. ಅದರಲ್ಲೂ ಒಬ್ಬೊಬ್ಬರಿಗೆ ನಾಲ್ಕೈದು ಫೈಲು. ಹುಡುಗಿಯ ಅಪ್ಪ ಒಂದು ಸಲ ಸರ್ಕಾರಿ ನೌಕರಿಯವನೇ ಬೇಕೆಂದು, ಮುಂದಿನ ವಾರ ಅಂಗಡಿಯಿದ್ದರೂ ಆದೀತೆಂದು, ಆಮೇಲೆ ಹೊಲ ಸಾಕೆಂದು ಹೇಳಿದರೆ ಸೈದಾನಬಿ ಮೂರು ಸಲವೂ ಹೊಸ ಫೈಲನ್ನೇ ಮಾಡಿದ್ದಳು.

ಯಂಕೋಬ ಪರದೆಗೆ ಬೆರಳಿಟ್ಟು ತಿಳಿಸಿ ಹೇಳಿದ. "ನೀವು ಗುಂಡಿ ಒತ್ತಿದ ಕೂಡ್ಲೆ ಇದು ಎಲ್ಲಾರ ಹೆಸರೂ ಓದಿ, ಸಾಲಾಗಿ ಹಚ್ಚಿ, ಆಮ್ಯಾಲೆ ತೋರಸ್ತೈತ್ರಿ. ಅದರ ಮ್ಯಾಲೆ ಡಿಸ್ಕ್ ತುಂಬಿ, ಒಂದಽ ಫೈಲು ನಾಲ್ಕು ಕಡೆ ಚೂರಾಗಿ ಕುಂತೈತಿ. ಹುಡುಕ್ಯಾಡಿ ತರೂದ್ರಾಗ ಹೊತ್ತಾಗ್ತೈತಿ. ಲಗ್ನ ಆದವರನ್ನ ಅಳಿಸ್ರಿ."

"ಅಳಸೂದಾ?" ಸೈದಾನಬಿಯ ಮುಖ ಬಿಳುಚಿತು. ಒಮ್ಮೆಯೂ ಪ್ರಯತ್ನಿಸಿರಲಿಲ್ಲ ಎಂದಲ್ಲ. ಆನೆಗೊಂದಿಯ ಒಂದು ಹೊಸ ಜೋಡಿಯ ಫೈಲಿನ ಮೇಲೆ ಗುಂಡಿ ಒತ್ತಿದ್ದಳು. ಕಂಪ್ಯೂಟರು ಕೆಂಪು ಅಕ್ಷರದಲ್ಲಿ, ಇವರನ್ನು ಅಳಿಸುವುದು ಖಂಡಿತವೇ ಎಂದು ಕೇಳಿತ್ತು. ಮದರಂಗಿ ಇನ್ನೂ ಮಾಸದ ಹುಡುಗಿ! ಆಕೆ "ತೌಬಾ ತೌಬಾ" ಎನ್ನುತ್ತ ಕರೆಂಟನ್ನೇ ತೆಗೆದಿದ್ದಳು.

"ಸುಖವಾಗಿ ಸಂಸಾರ ಮಾಡೋರನ್ನ ನಾ ಅಳಸೂದಿಲ್ಲಪ್ಪಾ. ಬ್ಯಾರೆ ಹಾದಿ ಹೇಳು."

ಯಂಕೋಬ ತಲೆ ಕೆರೆದುಕೊಂಡ. "ಹಂಗಾರ ಅವರನ್ನ ಫ್ಲಾಪಿಗೆ ಕಳಸೂಣ್ರಿ. ಬ್ಯಾರೆ ಮನಿ ಮಾಡಿದ್ಹಂಗ. ಉಳಿದವರಿಗೆ ತಾಲೂಕಿಗೊಂದು ಖೋಲಿ ಮಾಡಿಕೊಡ್ತೀನಿ."

ಇದು ಆಕೆಗೆ ಒಪ್ಪಿಗೆಯಾಯಿತು. ಆದರೆ ಗಂಡ ಹೆಂಡತಿ ಒಂದೇ ಫ್ಲಾಪಿಯಲ್ಲಿರಬೇಕೆಂದು ಹಟ ಹಿಡಿದಳು. ಯಾರು ಯಾರ ಹೆಂಡತಿ ಎಂದು ಆಕೆ ಹೇಳುವುದು, ಯಂಕೋಬ ಕಳಿಸುವುದು. ಒಮ್ಮೆ ಕುಷ್ಟಗಿಯ ಒಬ್ಬನನ್ನು ಬೇರೆಯವಳ ಫ್ಲಾಪಿಗೆ ಹಾಕಿದಾಗ ಆಕೆ ಕಿರುಚಿದ್ದಕ್ಕೆ ಪಕೀರಪ್ಪನವರ ಬಸಿಯಿಂದ ಚಹಾ ತುಳುಕಿತು.

ಮಧ್ಯಾಹ್ನದ ಹೊತ್ತಿಗೆ ಲಗ್ನವಾಗದವರ ಸರದಿ ಬಂತು. ಒಂದು ಹೆಸರಿನ ಮುಂದೆ ಯಂಕೋಬನ ಕೈ ಗಕ್ಕನೆ ನಿಂತಿತು.

"ಯಾಕ, ಇದೂ ಚೂರಾಗೇತೇನು?" ಸೈದಾನಬಿ ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಯಂಕೋಬ ಎಂದೇ ಇತ್ತು. ಒಂದಲ್ಲ, ಮೂರು ಫೈಲು.

"ಯಾರೋ ಬ್ಯಾರೆ ಯಂಕೋಬ ಇರಬೇಕ್ರಿ," ಎಂದು ಅವನು ಮುಂದೆ ಹೋಗಲು ನೋಡಿದ. ಆಕೆ ಅಷ್ಟಕ್ಕೇ ಬಿಡುವವಳಲ್ಲ. ತಾನೇ ಗುಂಡಿ ಒತ್ತಿ ತೆರೆದಳು. ಊರು ಗಂಗಾವತಿ, ಕೆಲಸ ಹೊಸಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ, ತಾಯಿ ಮುದಕಮ್ಮ.

"ಅಯ್ಯ! ಮುದಕಮ್ಮನ ಮಗನೇನೋ ನೀ! ಹೆಸರು ಕೇಳಿದ್ರೂ ನನಗ ಹೊಳೀಲಿಲ್ಲ ನೋಡು. ಮೂರು ಸಲ ಬಂದು ಹೋಗ್ಯಾಳ ನಿಮ್ಮವ್ವ."

ಮೊದಲ ಫೈಲಿನಲ್ಲಿ ಹುಡುಗಿ ಬೆಳ್ಳಗಿರಬೇಕು, ಡಿಗ್ರಿ ಓದಿರಬೇಕು, ಹಾಡಲು ಬರಬೇಕು ಎಂದಿತ್ತು. ಎರಡನೆಯದರಲ್ಲಿ ಹಾಡು ಬಿಟ್ಟುಹೋಗಿತ್ತು. ಮೂರನೆಯದರಲ್ಲಿ ಒಂದೇ ಸಾಲು: ಇವನನ್ನು ಒಪ್ಪಿದರೆ ಸಾಕು. ಸ್ವಭಾವ ಎಂಬಲ್ಲಿ, ಮನೆಯಲ್ಲಿ ಮಾತಿಲ್ಲ, ಮಷೀನಿನ ಮುಂದೆ ಬಹಳ ಮಾತು ಎಂದು ತಾಯಿ ಹೇಳಿದಂತೆಯೇ ಟೈಪಾಗಿತ್ತು.

ಯಂಕೋಬನ ಕಿವಿ ಕೆಂಪಾದವು. "ನಮ್ಮವ್ವ ನನಗ ಹೇಳೇ ಇಲ್ರೀ. ಇದನ್ನ ಮೊದ್ಲು ತಗೀರಿ!"

ಅಷ್ಟರಲ್ಲಿ ಪಕೀರಪ್ಪ ಬಸಿ ಕೆಳಗಿಟ್ಟು ಎದ್ದು ಬಂದಿದ್ದರು. ಮುಂಜಾನೆಯಿಂದ ಅವರು ಕೂತಲ್ಲೇ ಕೂತು ಈ ಹುಡುಗನನ್ನು ನೋಡುತ್ತಲೇ ಇದ್ದರು. ಸಿಟ್ಟು ಮಾಡಿಕೊಳ್ಳದೆ ಹೇಳಿದ್ದನ್ನೇ ಹತ್ತು ಸಲ ಹೇಳುತ್ತಿದ್ದ, ಬಿಚ್ಚಿದ ಸ್ಕ್ರೂಗಳನ್ನೆಲ್ಲ ಒಂದು ತಟ್ಟೆಯಲ್ಲಿ ಜೋಪಾನ ಮಾಡಿದ್ದ. ಪರದೆಯ ಮೇಲಿನ ಮನೆತನದ ಹೆಸರನ್ನು ಸೈದಾನಬಿಯಿಂದ ಓದಿಸಿಕೊಂಡು, "ನಮ್ಮ ಪೈಕೀನಽ ಅದಾರ್ರಿ ಇವರು," ಎಂದರು. "ಟೀಚರಮ್ಮಾ, ನನಗ ಮಿಕ್ಕಿದ ಹೆಸರು ತೋರಸೂದು ಬ್ಯಾಡ."

ಮುಂದಿನ ಐತವಾರವೇ ಯಂಕೋಬ ತಾಯಿಯೊಂದಿಗೆ ಬೇವೂರಿಗೆ ಹೋಗಬೇಕಾಯಿತು. ಸೈದಾನಬಿ ಹೊಸ ಸೀರೆ ಉಟ್ಟು ಮುಂದೆ ನಡೆದಳು. ಅವಲಕ್ಕಿ ತಂದಿಟ್ಟ ದುರುಗವ್ವ ತಲೆ ತಗ್ಗಿಸಿ ಕೂರಲಿಲ್ಲ. ನೇರವಾಗಿ ಕೇಳಿದಳು: "ಟೀಚರಮ್ಮನ ಮಷೀನು ಯಾಕ ಅಷ್ಟು ನಿಧಾನ ಆಗಿತ್ರಿ?"

ಅಲ್ಲಿಯವರೆಗೆ ಉಗುರು ನೋಡುತ್ತ ಕೂತಿದ್ದ ಯಂಕೋಬನಿಗೆ ಜೀವ ಬಂತು. ಫೈಲು ಅಂದರೇನು, ಅದು ಚೂರಾಗುವುದು ಹೇಗೆ, ಡಿಸ್ಕನ್ನು ಓದುವ ಮುಳ್ಳು ಎಲ್ಲಿಂದೆಲ್ಲಿಗೆ ಓಡಾಡುತ್ತದೆ ಎಂದು ಅವಲಕ್ಕಿಯ ತಟ್ಟೆಯನ್ನೇ ಡಿಸ್ಕು ಮಾಡಿಕೊಂಡು, ಶೇಂಗಾ ಕಾಳುಗಳನ್ನು ಸರಿಸಾಡುತ್ತ ವಿವರಿಸಿದ. ಹಿರಿಯರಿಗೆ ತೂಕಡಿಕೆ ಹತ್ತಿತು. ಮುದಕಮ್ಮ ಮಗನ ತೊಡೆ ಚಿವುಟಿದಳು, ಅವನು ನಿಲ್ಲಿಸಲಿಲ್ಲ.

ದುರುಗವ್ವ ಕೊನೆಯ ಕಾಳಿನವರೆಗೂ ಕೇಳಿಸಿಕೊಂಡಳು. ಆಮೇಲೆ, "ಮಂದಿ ಹೆಚ್ಚಾಗಿ ಮನಿ ಸಣ್ಣದಾಗಿತ್ತು ಅಂದ್ರ ಮುಗೀತಿತ್ತಲ್ರಿ," ಎಂದಳು.

ಯಂಕೋಬ ಮೊದಲ ಸಲ ಎಲ್ಲರೆದುರು ಗಟ್ಟಿಯಾಗಿ ನಕ್ಕ. ಅವಳೂ ನಕ್ಕಳು. ಹಿರಿಯರು ಎಚ್ಚರಗೊಂಡು ಎಲೆ ಅಡಿಕೆ ತರಲು ಹೇಳಿದರು.

ಇತ್ತ ಕೊಪ್ಪಳದಲ್ಲಿ ಕಂಪ್ಯೂಟರು ಚುರುಕಾಗಿದ್ದೇ ಸೈದಾನಬಿಗೆ ಒಂದು ತೊಡಕಾಯಿತು. ಹೆಸರು ಕೇಳಿದವರಿಗೆ ಚಹಾ ಕುದಿಯುವ ಮೊದಲೇ ಉತ್ತರ ಸಿಕ್ಕು, ಅವರು ಬಸ್ಸು ಹಿಡಿಯಲು ಏಳುತ್ತಿದ್ದರು. ಯಾರ ಮನೆಯಲ್ಲಿ ಏನು, ಯಾರು ಜಿಪುಣರು, ಯಾವ ಅತ್ತೆ ಒಳ್ಳೆಯವಳು ಎಂದು ತಿಳಿಯುತ್ತಿದ್ದದ್ದೆಲ್ಲ ಆ ಕಾಯುವ ಹೊತ್ತಿನಲ್ಲೇ ಎಂಬುದು ಆಕೆಗೆ ಈಗ ಗೊತ್ತಾಯಿತು. ಹಾಗಾಗಿ ಯಾರಾದರೂ ಬಂದರೆ ಮುಸುಕು ತೆಗೆಯದೆ, "ಕೂಡ್ರಿ, ಅದು ಇನ್ನೂ ಬಿಸಿ ಆಗಬೇಕು" ಎನ್ನುತ್ತಿದ್ದಳು. ಪಕ್ಕದ ಸೈಕಲ್ ಅಂಗಡಿಯಿಂದ ಇದನ್ನು ಕೇಳಿಸಿಕೊಂಡ ರಾಜಾಸಾಬ ಕೆಮ್ಮಿದರೆ ಆಕೆ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ.

ಯಂಕೋಬ-ದುರುಗವ್ವರ ಲಗ್ನ ಬೇವೂರಿನಲ್ಲೇ ಆಯಿತು. ಸೈದಾನಬಿಗೆ ಮುಂದಿನ ಸಾಲಿನಲ್ಲಿ ಖುರ್ಚಿ ಹಾಕಿದ್ದರು. ಮೂರು ಹೋಳಿಗೆ ಬಡಿಸಿಕೊಂಡು ಉಂಡು, ಸಂಜೆಯ ಬಸ್ಸು ಹತ್ತಿದಳು. ಪಕ್ಕದಲ್ಲಿ ಒಬ್ಬ ಹೆಂಗಸು ಬುಟ್ಟಿಯನ್ನು ಕಾಲಡಿ ಇಟ್ಟುಕೊಂಡು ಕೂತಿದ್ದಳು. ಬಸ್ಸು ಊರ ಹೊರಗಿನ ಹಳ್ಳ ದಾಟುವ ತನಕ ಸೈದಾನಬಿ ಹೇಗೋ ತಡೆದುಕೊಂಡಳು. ಆಮೇಲೆ ಸೀರೆಯ ಸೆರಗು ಸರಿಮಾಡಿಕೊಂಡು ಆಕೆಯತ್ತ ವಾಲಿದಳು.

"ಮಕ್ಕಳು ಎಷ್ಟು ಮಂದಿ ಅದಾರವ್ವಾ ನಿನಗ? ದೊಡ್ಡಾಂವ ಏನ್ ಮಾಡ್ತಾನ?"