ಹೇಳಿದ ಕೂಡಲೇ ಹಾರುವ ಮುಂಗುಸಿ

ಧಾರವಾಡದ ವಿಜಯಶ್ರೀ ಓಕ್ಲ್ಯಾಂಡಿನ ವಿಡಿಯೊ ಗೇಮ್ ಕಂಪನಿಯೊಂದರಲ್ಲಿ ಆಟದ ಪಾತ್ರಗಳಿಗೆ ನಡೆಯಲು, ಹಾರಲು ಕಲಿಸುವವಳು. ಅವಳ ಕೈಗೆ ಬಂದವರಲ್ಲೆಲ್ಲ ಟಂಬಲ್ ಎಂಬ ಮುಂಗುಸಿಯೇ ಹಿರಿಯ. ಅವನಿಗೀಗ ಇಪ್ಪತ್ತೆಂಟು. ಅವನನ್ನು ಆಡಿಸಿ ಬೆಳೆದವರ ತಲೆ ನರೆಯುತ್ತಿದೆ. ಈಗಿನ ಮಕ್ಕಳಿಗೆ ಅವನ ಹೆಸರೇ ಗೊತ್ತಿಲ್ಲ. ಸೋಮವಾರ ಹನ್ನೆರಡು ಮಕ್ಕಳನ್ನು ಕರೆಸಿ ಹೊಸ ಆಟ ಆಡಿಸುವುದು, ಅವರಿಗೆ ಹಿಡಿಸದಿದ್ದರೆ ಟಂಬಲ್‌ನನ್ನು ಕೈಬಿಡುವುದು ಎಂದು ಕಂಪನಿ ತೀರ್ಮಾನಿಸಿತ್ತು.

ವಿಜಯಶ್ರೀ ಅವನ ಒಂದೊಂದು ರೋಮವನ್ನೂ ತಿದ್ದಿದಳು. ನಿಜವಾದ ಪ್ರಾಣಿಯಂತೆ ಮೊದಲು ಮೈ ಕುಗ್ಗಿಸಿ, ಬಾಲ ಎಳೆದುಕೊಂಡು, ಆಮೇಲೆ ಹಾರುವಂತೆ ಮಾಡಿದಳು. ನೋಡಲು ಕಣ್ಣಿಗೆ ಹಬ್ಬ.

ಶನಿವಾರ, ಓಕ್ಲ್ಯಾಂಡಿಗೆ ಹತ್ತಿರದ ಡಬ್ಲಿನ್ ಎಂಬ ಊರಿನ ಮನೆಯಲ್ಲಿ ಮಗಳು ನಿಹಾರಿಕಾ ಅಜ್ಜಿಯ ಕೈಗೆ ಕಂಟ್ರೋಲರ್ ಕೊಟ್ಟಳು. ಅಜ್ಜಿ ನೀಲಾಬಾಯಿ ಮೂರು ಸಲ ಒಂದೇ ಹಳ್ಳಕ್ಕೆ ಬಿದ್ದರು.

“ಏ ವಿಜಿ, ನಿನ್ನ ಮುಂಗುಲಿಗೆ ಕಿವಿ ಕೇಳಂಗಿಲ್ಲೇನ? ನಾ ಜಿಗಿ ಅಂದ್ರ ಇದು ಕುಂತು ವಿಚಾರ ಮಾಡ್ತೈತಿ!”

“ಅವ್ವಾ, ನೀನ ತಡಾ ಮಾಡಿ ಒತ್ತಾಕತ್ತಿ.”

“ನೋ ಅಮ್ಮಾ,” ಎಂದಳು ನಿಹಾರಿಕಾ, “ಅಜ್ಜಿ ಈಸ್ ರೈಟ್. ಹೀ ಡಸಂಟ್ ಲಿಸನ್.”

ವಿಜಯಶ್ರೀ ತಾನೇ ಕಂಟ್ರೋಲರ್ ಹಿಡಿದು ಗುಂಡಿ ಒತ್ತಿದಳು; ಅವನು ಮೈ ಕುಗ್ಗಿಸಿ ಹಾರುವಷ್ಟರಲ್ಲಿ ತಡವಾಗುತ್ತಿತ್ತು. ನೋಡುವ ಕಣ್ಣಿಗಾಗಿ ದುಡಿಯುತ್ತ ಆಡುವ ಹೆಬ್ಬೆರಳನ್ನು ಮರೆತಿದ್ದಳು. ಹಳೆಯ ಆಟ ತೆರೆದು ನೋಡಿದರೆ, ಟಂಬಲ್‌ನನ್ನು ಮೊದಲು ರೂಪಿಸಿದವರು ಗುಂಡಿ ಒತ್ತಿದ ಕ್ಷಣವೇ ಅವನನ್ನು ಹಾರಿಸಿ, ಮೈಯ ಭಾರವನ್ನೆಲ್ಲ ನೆಲ ಮುಟ್ಟಿದ ಮೇಲೆ ತೋರಿಸಿದ್ದರು. ಹೆಸರು ತಿಳಿಯದ ಆ ಕೈಗಳಿಗೆ ಅವಳು ಮನಸ್ಸಿನಲ್ಲೇ ನಮಸ್ಕರಿಸಿದಳು. ಭಾನುವಾರವೆಲ್ಲ ಕುಳಿತು, ಮೈ ಕುಗ್ಗಿಸುವುದನ್ನು ಜಿಗಿತದ ಮೊದಲಿನಿಂದ ತೆಗೆದು ಕೊನೆಗೆ ಇಟ್ಟಳು.

ಸೋಮವಾರ ಸಮಯ ಮುಗಿದರೂ ಒಂಬತ್ತು ಮಕ್ಕಳು ಕಂಟ್ರೋಲರ್ ಕೆಳಗಿಡಲಿಲ್ಲ. ಗಾಜಿನಾಚೆ ನಿಂತು ನೋಡುತ್ತಿದ್ದ ಮೇಲಧಿಕಾರಿ ಗುರುಪ್ರಸಾದ ನಕ್ಕ.

“ನಿಮ್ಮ ಮುದುಕ ಉಳ್ಕೊಂಡ ಕಣ್ರೀ. ಏನ್ ಬೇಕು, ಕೇಳಿ.”

“ಆಟದ ಕೊನೇಲಿ ಬರೋ ಥ್ಯಾಂಕ್ಸ್ ಲಿಸ್ಟಲ್ಲಿ ಎರಡು ಹೆಸರು. ಟಂಬಲ್‌ನ ಮೊದಲು ಹಾರಿಸಿದ್ದು ಯಾರು ಅಂತ ಹುಡುಕಿಸಿ, ಪ್ಲೀಸ್. ಇನ್ನೊಂದು ಹೆಸರು ನೀಲಾಬಾಯಿ.”

“ನೀಲಾಬಾಯಿನಾ? ಯಾವ ಟೀಮು?”

“ನಮ್ಮವ್ವ. ಬೈಯೋ ಟೀಮು,” ಎಂದಳು ವಿಜಯಶ್ರೀ, ಕಣ್ಣೊರೆಸಿಕೊಳ್ಳುತ್ತ.