ಸೊಸೆ ಹೇಳಿದ ಸುಳ್ಳು

“ಮಲಗಿದರೆ ಉಸಿರು ಸಿಗುವುದಿಲ್ಲ ಅಂತ ಮನೆಯಲ್ಲಿ ಯಾರಿಗೂ ಹೇಳಲಿಲ್ಲವಾ?” ದಿಲ್ಲಿ ಹತ್ತಿರದ ಇಂದಿರಾಪುರಂನ ಆಸ್ಪತ್ರೆಯಲ್ಲಿ ಡಾಕ್ಟರ್ ಹಿಂದಿಯಲ್ಲಿ ಕೇಳಿದ್ದು ನನ್ನ ಸೊಸೆಯನ್ನು. ಅವಳಿ ಮಕ್ಕಳನ್ನು ಹೊತ್ತಿದ್ದ ಅವಳು ಅದನ್ನು ನನಗೆ ಹೇಳುತ್ತಲೇ ಬಂದಿದ್ದಳು. ಊದಿದ ಕಾಲನ್ನೂ ತೋರಿಸಿದ್ದಳು. ಹೊಟ್ಟೆಯಲ್ಲಿ ಎರಡಿದ್ದರೆ ಇದೆಲ್ಲ ಮಾಮೂಲು, ನಾವೇನು ಹೆತ್ತಿಲ್ಲವೇ ಎಂದು ಗದರಿಸಿ, ಅಂದು ಬೆಳಿಗ್ಗೆ ನಾನೇ ಅವಳನ್ನು ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಗೆ ನಡೆಸಿಕೊಂಡು ಹೋಗಿದ್ದೆ. ಅರ್ಧ ಸುತ್ತಿನಲ್ಲೇ ಅವಳು ಕುಸಿದಳು.

ಸೊಸೆ ಆಕ್ಸಿಜನ್ ಮಾಸ್ಕ್ ಸರಿಸಿ, “ಇಲ್ಲ ಡಾಕ್ಟರ್, ನಾನೇ ಯಾರಿಗೂ ಹೇಳಲಿಲ್ಲ” ಎಂದಳು. ನೋಯ್ಡಾದ ನೈಟ್ ಶಿಫ್ಟಿನಿಂದ ಓಡಿ ಬಂದಿದ್ದ ಮಗ ಅವಳನ್ನು ಸಿಟ್ಟಿನಿಂದ ನೋಡಿದ. ನನಗೆ ಹೇಳಿದ್ದಳು ಎನ್ನಲು ನನಗೆ ಬಾಯಿ ಬರಲಿಲ್ಲ.

ಅವಳಿ ಬಸಿರಿನಲ್ಲಿ ಹೃದಯಕ್ಕೆ ಹೊರೆ ಹೆಚ್ಚು, ಇವಳ ಹೃದಯ ಸೋತಿದೆ, ಇನ್ನು ತಡ ಮಾಡುವಂತಿಲ್ಲ ಎಂದರು ಡಾಕ್ಟರ್. ಅಂದೇ ಸಿಸೇರಿಯನ್ ಆಯಿತು. ಹೆಣ್ಣುಮಕ್ಕಳಿಬ್ಬರೂ ಈಗ ಮನೆಯಲ್ಲಿದ್ದಾರೆ. ಸೊಸೆ ಹೃದಯದ ಮಾತ್ರೆ ನುಂಗುತ್ತಾ ಚೇತರಿಸಿಕೊಳ್ಳುತ್ತಿದ್ದಾಳೆ.

ಆ ಮಾತನ್ನು ಅವಳು ಮತ್ತೆ ಎತ್ತಿಲ್ಲ. ಒಮ್ಮೆ ಜಗಳವಾಡಿದ್ದರೆ ನಾನು ಹಗುರಾಗುತ್ತಿದ್ದೆನೇನೋ. ಮೊದಲೇ ಹೇಳಬೇಕಿತ್ತೆಂದು ಮಗ ಇಂದಿಗೂ ಅವಳನ್ನೇ ಬಯ್ಯುತ್ತಾನೆ. ನಾನು ಮಗುವನ್ನೆತ್ತಿಕೊಂಡು ಒಳಗೆ ಹೋಗಿಬಿಡುತ್ತೇನೆ.