ಹಿಲ್ಲಾಳ ಆಂಬುಲೆನ್ಸ್

ವರ್ಗವಾಗಿ ಗುಜರಾತಿನ ನವಸಾರಿಗೆ ಬಂದ ಮೊದಲ ಎರಡು ವರ್ಷ ನಾನು ತೆಮುಲ್ ಘಡಿಯಾಲಿಯವರನ್ನು ಪಾರ್ಸಿಗಳ ಹೆಣ ಹೊರುವವರೆಂದೇ ತಿಳಿದಿದ್ದೆ. ದಿನವೂ ಬಿಳಿ ಬಟ್ಟೆ ಉಡುತ್ತಿದ್ದರು. ಪರದೆ ಎಳೆದ ಹಳೆಯ ಆಂಬುಲೆನ್ಸಿನೊಳಗೆ ಒಬ್ಬರೇ ಕೂತು ಮೊಟ್ಟೆ ತಿನ್ನುತ್ತಿದ್ದರು, ನಡುನಡುವೆ ಯಾರೊಂದಿಗೋ ಮಾತಾಡುತ್ತಿದ್ದರು. ಬ್ಯಾಂಕಿನ ಗುಮಾಸ್ತನಿಗೆ ಇರಬೇಕಾದಷ್ಟೇ ಧೈರ್ಯ ನನಗಿತ್ತು. ಸ್ಕೂಟರ್ ಕೆಟ್ಟಾಗ ಅವರ ಗ್ಯಾರೇಜು ದಾಟಿ ಒಂದು ಮೈಲಿ ಆಚೆಗೆ ತಳ್ಳಿಕೊಂಡು ಹೋಗುತ್ತಿದ್ದೆ. ಒಂದು ದಿನ ಅವರೇ ಅಡ್ಡ ನಿಂತರು.

"ದೀಕ್ರಾ, ಮಗನೇ, ನಿನ್ನ ಗಾಡಿ ಪ್ಲಗ್ ಹೋಗಿದೆ. ಎರಡು ವರ್ಷದಿಂದ ಸದ್ದು ಕೇಳಿ ನನ್ನ ಹಲ್ಲು ನೋಯ್ತಿದೆ. ನನ್ನ ಕಂಡ್ರೆ ಯಾಕೋ ಓಡ್ತೀಯಾ? ನಿನ್ನ ಹೊತ್ಕೊಂಡು ಹೋಗ್ತೀನಾ?"

ಅವರು ಮೆಕ್ಯಾನಿಕ್. ಅದಕ್ಕೂ ಮುಂಚೆ ಅದೇ ಆಂಬುಲೆನ್ಸಿನ ಡ್ರೈವರ್. ಮಹಾಯುದ್ಧ ಮುಗಿದ ಮೇಲೆ ಪಾರ್ಸಿ ಮೊಹಲ್ಲಾದ ಧರ್ಮದತ್ತಿಯವರು ತರಿಸಿದ ವಿಲಾಯಿತಿ ಗಾಡಿ ಅದು. ಒಳಗೆ ಮಾತಾಡುತ್ತಿದ್ದುದು ಹೆಂಡತಿ ಹಿಲ್ಲಾಳೊಂದಿಗೆ. ಆಕೆ ತೀರಿಕೊಂಡು ಇಪ್ಪತ್ತೇಳು ವರ್ಷವಾಗಿತ್ತು, ಅದೇ ಗಾಡಿಯಲ್ಲಿ.

ಆ ದಿನ ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದವಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟಿದ್ದರು. ರೈಲ್ವೆ ಗೇಟು ಮುಚ್ಚಿತ್ತು. ತೆಮುಲ್ ಎಂಜಿನ್ ಆರಿಸಿದರು. ಇಲ್ಲಿಯ ಪಾರ್ಸಿಗಳಿಗೆ ಯಂತ್ರವೆಂದರೆ ಮನೆಯ ಹಿರಿಯರ ಹಾಗೆ. ಗಾಡಿ ನಿಂತಾಗಲೂ ಎಂಜಿನ್ ಓಡಿಸುವುದೆಂದರೆ ಅವರನ್ನು ಬಿಸಿಲಲ್ಲಿ ಕಾಯಿಸಿದಷ್ಟು ಅಸಭ್ಯ. ಗೂಡ್ಸ್ ರೈಲು ಹೋಯಿತು, ಗೇಟು ತೆರೆಯಿತು, ಎಂಜಿನ್ ಮತ್ತೆ ಏಳಲಿಲ್ಲ. ಆಸ್ಪತ್ರೆ ಅಲ್ಲಿಂದ ಎರಡೇ ಫರ್ಲಾಂಗು. ಜನ ಓಡಿ ಬಂದು ತಳ್ಳಲು ಕೈ ಹಚ್ಚುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಗುಜರಿಗೆ ಬಿದ್ದಿದ್ದ ಆ ಗಾಡಿಯನ್ನು ನಾಲ್ಕು ವರ್ಷದಿಂದ ತೆಮುಲ್ ಎಬ್ಬಿಸುತ್ತಿದ್ದರು. ಗೆದ್ದಲು ತಿಂದ ಚೌಕಟ್ಟಿಗೆ ತಮ್ಮ ಮನೆಯ ತೇಗದ ಬಾಗಿಲನ್ನೇ ಕೊಯ್ದು ಹಾಕಿದರು. ಸಿಗದ ಬಿಡಿಭಾಗಗಳನ್ನು ಲೇತಿನಲ್ಲಿ ತಾವೇ ಕಡೆದರು. ಸೈರನ್ನಿನ ಬದಲಿಗಿದ್ದ ಹಿತ್ತಾಳೆಯ ಗಂಟೆಗೆ ಹುಣಸೆಹಣ್ಣು ತಿಕ್ಕಿದವನು ನಾನು. ಸ್ಟ್ರೆಚರಿನ ಕ್ಯಾನ್ವಾಸ್ ಮಾತ್ರ ಹಳೆಯದೇ ಇರಲಿ ಎಂದರು.

ಈ ನಡುವೆ ಧರ್ಮದತ್ತಿಯ ಕಾರ್ಯದರ್ಶಿ ಖುರ್ಷೆದ್‌ಜಿ ಮೋಟಾಫ್ರಾಮ್ ಅವರಿಗೆ ಗಾಡಿ ತಮ್ಮ ಆಡಳಿತದ ಸಾಧನೆ ಎಂಬ ಜ್ಞಾನೋದಯವಾಯಿತು. ಶನಿವಾರ ಅದನ್ನು ಸಭಾಭವನದ ಗಾಜಿನ ಕೋಣೆಗೆ ಸೇರಿಸುವುದೆಂದು ಠರಾವು. ಬೆಂಕಿಯ ಭಯಕ್ಕೆ ಎಂಜಿನ್ ಕಳಚಿಡುವುದೆಂದೂ ಠರಾವು.

"ಒಂದ್ಸಲ ಆಸ್ಪತ್ರೆವರೆಗೂ ಓಡಿಸ್ಬೇಕು ಖುರ್ಷೆದ್. ಆಮೇಲೆ ಉಪ್ಪಿನಕಾಯಿ ಹಾಕ್ಕೋ."

"ಐತಿಹಾಸಿಕ ವಾಹನ ಕಣೋ! ರಸ್ತೆ ಮೇಲೆ ತಂದು ಗೀಚಿಸ್ತೀಯಾ? ನನ್ನ ಹೆಸರಿನ ಫಲಕ ಬೇರೆ ಹಾಕಿಸಿದೀನಿ."

ಶನಿವಾರ ಬೆಳಿಗ್ಗೆ ಖುರ್ಷೆದ್‌ಜಿ ಪತ್ರಿಕೆಯ ಛಾಯಾಗ್ರಾಹಕನೊಂದಿಗೆ ಬಂದರು. ಮುಂದಿನ ಸೀಟಿನಲ್ಲಿ ಒಂದು ಪಟ, ಗಂಟೆ ಹಿಡಿದು ಒಂದು. ಅಷ್ಟಕ್ಕೆ ತೃಪ್ತಿಯಾಗದೆ, ರೋಗಿಯಂತೆ ಒಂದು ಇರಲಿ ಎಂದು ಸ್ಟ್ರೆಚರಿನ ಮೇಲೆ ಮಲಗಿ ಕೈ ಜೋಡಿಸಿದರು. ಆಗ ಮೋತಿ ಹತ್ತಿಬಂತು.

ಮೋತಿ ಮೊಹಲ್ಲಾದ ನಾಯಿ. ಹುಬ್ಬಿನ ಮೇಲೆ ಎರಡು ಕಂದು ಚುಕ್ಕಿಗಳಿರುವುದರಿಂದ ಅದಕ್ಕೆ ನಾಲ್ಕು ಕಣ್ಣು. ಯಾರು ಸತ್ತರೂ ಹೆಣದ ಮುಖ ನೋಡಲು ಅದನ್ನು ಕರೆದೊಯ್ಯುತ್ತಾರೆ. ಜೀವವಿದ್ದರೆ ಅದು ಬಾಲ ಆಡಿಸುತ್ತದೆ, ಇಲ್ಲದಿದ್ದರೆ ಕಲ್ಲಿನಂತೆ ನಿಂತು ನೆಟ್ಟ ನೋಟದಿಂದ ನೋಡುತ್ತದೆ ಎಂಬುದು ಇಲ್ಲಿಯವರ ನಂಬಿಕೆ.

ಮೋತಿ ಕಲ್ಲಿನಂತೆ ನಿಂತಿತು.

ಛಾಯಾಗ್ರಾಹಕ ಕ್ಯಾಮೆರಾ ಇಳಿಸಿದ. ಗಾಡಿಯ ಬಾಗಿಲಲ್ಲಿ ಇಣುಕುತ್ತಿದ್ದ ನೆರೆಮನೆಯ ಮುದುಕಿ ಫ್ರೇನಿಬಾಯಿ ತಲೆಗೆ ವಸ್ತ್ರ ಎಳೆದುಕೊಂಡು ಪ್ರಾರ್ಥನೆ ಗೊಣಗತೊಡಗಿದಳು.

"ಏಯ್, ನಿಲ್ಸೇ! ನಾನು ಬದುಕಿದೀನಿ!"

"ಅವ್ಳಿಗೆ ಹೇಳಿ ಏನುಪಯೋಗ? ಮೋತಿಗೆ ಹೇಳು," ಎಂದರು ತೆಮುಲ್.

ಖುರ್ಷೆದ್‌ಜಿ ಜಿಗಿದು ಇಳಿದರು. ಗಾಡಿ ನಾಳೆ ಬರಲಿ, ಇವತ್ತು ತಮಗೆ ಡಾಕ್ಟರನ್ನು ಕಾಣುವುದಿದೆ ಎಂದು ನಡೆದೇಬಿಟ್ಟರು. ನಾವೆಲ್ಲ ನಕ್ಕೆವು. ಆದರೆ ನಾನು ಮೋತಿಯ ಪಕ್ಕದಲ್ಲೇ ಇದ್ದೆ. ಅದರ ನೋಟ ಖುರ್ಷೆದ್‌ಜಿಯ ಮೇಲಿರಲಿಲ್ಲ. ಸ್ಟ್ರೆಚರಿನ ಮೇಲೆ ಅವರ ಆಚೆ ಉಳಿದಿದ್ದ ಒಂದು ಗೇಣು ಖಾಲಿ ಜಾಗದ ಮೇಲಿತ್ತು. ಅವರು ಇಳಿದು ಹೋದ ಮೇಲೂ ಅಲ್ಲೇ ಇತ್ತು.

"ಹತ್ತು," ಎಂದರು ತೆಮುಲ್ ನನಗೆ. "ಹಿಂದೆ ಕೂತ್ಕೋ. ಸ್ಟ್ರೆಚರ್ ಪಟ್ಟಿ ಬಿಗಿ."

ಕಾರ್ಯದರ್ಶಿಯ ಭಾರಕ್ಕೆ ಸಡಿಲಾಗಿದ್ದ ಕ್ಯಾನ್ವಾಸನ್ನು ನಾನೇ ಡೋಲಿನ ಹಾಗೆ ಬಿಗಿದೆ. ಮೋತಿ ಇಳಿಯಲೊಪ್ಪಲಿಲ್ಲ. ಎಲ್ಲ ಸಿದ್ಧವಾಗಿ ಗಾಡಿ ಹೊರಟಾಗ ಮಟಮಟ ಮಧ್ಯಾಹ್ನ. ರೈಲ್ವೆ ಗೇಟು ಮುಚ್ಚಿತ್ತು.

ಮುಂದೆ ತೆಮುಲ್‌ರ ಕೈ ಚಾವಿಯ ಕಡೆ ಹೋಯಿತು. ನಲವತ್ತು ವರ್ಷದ ಅಭ್ಯಾಸ. ಬೆರಳು ಚಾವಿಯ ಮೇಲೇ ನಿಂತಿತು. ಮೆಲ್ಲಗೆ ಕೈ ಹಿಂದಕ್ಕೆಳೆದುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡರು. ಎಂಜಿನ್ ಗುಡುಗುಡು ಅನ್ನುತ್ತಲೇ ಇತ್ತು. ಗೂಡ್ಸ್ ರೈಲು ಒಂದೊಂದೇ ಡಬ್ಬಿಯಾಗಿ ಹೋಗುತ್ತಿತ್ತು.

ಆಗ ಸ್ಟ್ರೆಚರ್ ಕಿರುಗುಟ್ಟಿತು, ಮಲಗಿದವರು ಮಗ್ಗುಲು ಬದಲಿಸಿದ ಹಾಗೆ. ನೋಡಿದೆ. ನಾನು ಬಿಗಿದ ಕ್ಯಾನ್ವಾಸ್ ನಡುವೆ ತಗ್ಗಿತ್ತು. ಮೋತಿಯ ಉಸಿರೂ ಕೇಳುತ್ತಿರಲಿಲ್ಲ.

"ಇನ್ನೆರಡೇ ಫರ್ಲಾಂಗು, ಹಿಲ್ಲಾ," ಎಂದರು ತೆಮುಲ್, ತಿರುಗದೆ.

ಗೇಟು ಎದ್ದಿತು. ಆ ಎರಡು ಫರ್ಲಾಂಗು ನಾನು ಕಿಟಕಿಯ ಸರಳು ಹಿಡಿದು, ಬ್ಯಾಂಕಿನ ವರ್ಗಾವಣೆ ನಿಯಮಗಳನ್ನು ನೆನಪಿಸಿಕೊಳ್ಳುತ್ತ ಕೂತಿದ್ದೆ. ಗಾಡಿ ಆಸ್ಪತ್ರೆಯ ಬಾಗಿಲೊಳಗೆ ನಿಂತಾಗ ಮೋತಿ ಕತ್ತೆತ್ತಿತು. ಖಾಲಿ ಸ್ಟ್ರೆಚರಿನ ಕಡೆ ನೋಡುತ್ತ ಬಾಲ ಆಡಿಸಿತು. ಆಮೇಲೆ ಯಾರೋ ಎದ್ದು ಹೋದವರ ಹಿಂದೆ ಹೋಗುವಂತೆ ಇಳಿದು, ಮೆಟ್ಟಿಲವರೆಗೆ ಹೋಗಿ ಕೂತಿತು. ಕ್ಯಾನ್ವಾಸ್ ಮುಟ್ಟಿ ನೋಡಿದೆ. ಡೋಲಿನ ಹಾಗೆ ಬಿಗಿಯಾಗಿತ್ತು.

ತೆಮುಲ್ ಚಾವಿ ತಿರುಗಿಸಿ ಎಂಜಿನ್ ಆರಿಸಿದರು. ಟೋಪಿ ತೆಗೆದು ಮುಖ ಒರೆಸಿಕೊಂಡರು.

"ತೆಮುಲ್ ಕಾಕಾ," ಎಂದೆ ನಾನು, "ಮುಂದಿನ ಕನ್ನಡೀಲಿ ನಿಮಗೆ ಹಿಂದೆ ಯಾರಾದ್ರೂ ಕಂಡ್ರಾ?"

"ನೋಡೋದು ನಾಯಿ ಕೆಲಸ ಕಣೋ," ಎಂದರು. "ನಾನು ಡ್ರೈವರು."